ಅತ್ತೆಯ ಪಾಸ್‌ವರ್ಡಿಗೆ ತಾರಾಬಲ

ಪಾಸ್‌ವರ್ಡ್ ಕಾಯುವ ಆ ಆ್ಯಪನ್ನು ನಮ್ಮ ಸೋದರತ್ತೆಯ ಫೋನಿಗೆ ಹಾಕಿಕೊಟ್ಟವನು ನಾನೇ ಎಂದು ನಾನು ಹೇಳುತ್ತೇನೆ. ಹಾಕಿಕೊಂಡವಳು ತಾನೇ, ನೀನು ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ ಎಂದು ಅತ್ತೆ ಹೇಳುತ್ತಾಳೆ. ಸಾಕ್ಷಿಗೆ ಮಾವನನ್ನು ಕರೆದರೆ ಅವರು ಇಬ್ಬರ ಮಾತಿಗೂ ತಲೆಯಾಡಿಸುತ್ತಾರೆ. ಫೋನನ್ನು ಕೈಯಲ್ಲಿ ಹಿಡಿದದ್ದು ನನಗೆ ಅಷ್ಟು ಸರಿಯಾಗಿ ನೆನಪಿಲ್ಲ. ಕಡಲೆಕಾಯಿಯ ರುಚಿ ಮಾತ್ರ ಚೆನ್ನಾಗಿ ನೆನಪಿದೆ. ಹೀಗಾಗಿ ಅತ್ತೆ ಹೇಳುವುದೇ ನಿಜವಿರಬಹುದೇನೋ! ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿ ನಾನು ಕಲಿತದ್ದು ಇಷ್ಟೇ, ಕಣ್ಣಾರೆ ಕಂಡದ್ದನ್ನೂ ಸುಲಭಕ್ಕೆ ನಂಬಬಾರದು. ಅದರ ಫಲವಾಗಿ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ನಡೆದು ಬರುವ ಮನುಷ್ಯನಾಗಿದ್ದೇನೆ. ಆದ್ದರಿಂದ ಮುಂದೆ ಹೇಳುವುದನ್ನು ನೀವೂ ಸ್ವಲ್ಪ ಅನುಮಾನದಿಂದಲೇ ಓದಿ.

ಒಂದು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆ್ಯಪುಗಳು ಅಪ್‌ಡೇಟ್ ಆದಾಗ 'ಹೊಸದೇನಿದೆ' ಎಂದು ಒಂದು ಟಿಪ್ಪಣಿ ಬರುತ್ತದಲ್ಲ, ಅದನ್ನು ಮೊದಲಿಂದ ಕೊನೆಯವರೆಗೆ ಓದುವ ವ್ಯಕ್ತಿ ಇಡೀ ಜಿಲ್ಲೆಯಲ್ಲಿ ನಮ್ಮತ್ತೆ ಒಬ್ಬಳೇ. ಬರೆದವರೇ ಅದನ್ನು ಇನ್ನೊಮ್ಮೆ ಓದಿರಲಾರರು!

ಅತ್ತೆಯ ಮನೆ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ. ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ ಈಗಲೂ ನಡೆಯುತ್ತದೆ, ಮಾವ ನೋಡಿಕೊಳ್ಳುತ್ತಾರೆ. ಮದುವೆಯಾಗಿ ಬಂದಾಗಿನಿಂದ ಮೊನ್ನೆ ಮೊನ್ನೆಯವರೆಗೆ ಅತ್ತೆಯೂ ಆ ಬಿಸಿನೀರಿನ ಬಾಣಲೆಗಳ ಮುಂದೆ ಕೂತು ಗೂಡಿನ ಎಳೆ ಹುಡುಕಿದವಳೇ. ಸೊಂಟನೋವು ಬಂದು ಆ ಕೆಲಸ ಬಿಟ್ಟ ಮೇಲೆ ಕೈಗೆ ಫೋನು ಬಂತು. ಕರೆಂಟು ಬಿಲ್ಲು, ಗ್ಯಾಸು, ಬ್ಯಾಂಕು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆಂದು ಹೊರಟಳು. ಎಲ್ಲಕ್ಕೂ ಪಾಸ್‌ವರ್ಡ್ ಬೇಕು. ಅತ್ತೆ ಎಲ್ಲ ಕಡೆಯೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದಳು, ಮನೆದೇವರಾದ ಮುನೇಶ್ವರನ ಹೆಸರು. ಅಷ್ಟೂ ಬಾಗಿಲಿಗೆ ಒಬ್ಬನೇ ಕಾವಲು. ಇದು ಅಪಾಯವೆಂದು ನಾನು ಹೇಳಿ, ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಕಡೆ ಬಚ್ಚಿಟ್ಟು ಕಾಯುವ ಈ ಆ್ಯಪನ್ನು ಹಾಕಿಕೊಟ್ಟೆ. ಅಥವಾ ಕಡಲೆಕಾಯಿ ತಿಂದೆ.

ಮೊದಲ ಜಗಳ ಅಲ್ಲೇ ಶುರುವಾಯಿತು. ಹೊಸ ಅಪ್‌ಡೇಟಿನಲ್ಲಿ ಆ್ಯಪು ಕನ್ನಡ ಕಲಿತಿತ್ತು. ಪ್ರತಿ ಪಾಸ್‌ವರ್ಡಿನ ಪಕ್ಕದಲ್ಲಿ ಅದರ ಶಕ್ತಿ ಎಷ್ಟೆಂದು ಬರೆದು ತೋರಿಸುವುದನ್ನೂ ಕಲಿತಿತ್ತು. ಅತ್ತೆ ತೆರೆದು ನೋಡಿದರೆ, ಮುನೇಶ್ವರನ ಹೆಸರಿನ ಪಕ್ಕ ಕೆಂಪು ಅಕ್ಷರದಲ್ಲಿ 'ದುರ್ಬಲ' ಎಂದಿತ್ತು.

"ಯಾರನ್ನ ದುರ್ಬಲ ಅಂತೈತೆ ಇದು?" ಎಂದಳು ಅತ್ತೆ, ಬಹಳ ಮೆಲ್ಲಗೆ.

ನಾನು ವಿವರಿಸಿದೆ. ದೇವರ ಬಗ್ಗೆ ಅದು ಏನೂ ಹೇಳುತ್ತಿಲ್ಲ, ಸುಲಭವಾಗಿ ಊಹಿಸಬಹುದಾದ ಹೆಸರು ಎಂದಷ್ಟೇ ಅದರ ಅರ್ಥ, ನಡುವೆ ಒಂದೆರಡು ಅಂಕಿ, ಕೊನೆಗೆ ಒಂದು ನಕ್ಷತ್ರದ ಚಿಹ್ನೆ ಸೇರಿಸಿದರೆ ಸರಿಹೋಗುತ್ತದೆ ಎಂದೆ. ಅತ್ತೆ ಒಂದು ನಕ್ಷತ್ರ ಹಾಕಿದಳು. 'ಸಾಧಾರಣ' ಎಂದಿತು. ಇನ್ನೊಂದು ಹಾಕಿದಳು. ಹಿಂದೊಂದು ಮುಂದೊಂದು ಹಾಕಿದಳು. ಕೆಂಪು ಹೋಗಿ ಹಸಿರು ಬಂತು, 'ಪ್ರಬಲ' ಎಂದಿತು. ಅತ್ತೆ ಫೋನನ್ನು ಕಣ್ಣಿಗೊತ್ತಿಕೊಂಡಳು. ಮರುದಿನ ಗುಡಿಗೆ ಹೋಗಿ ಕಾಯಿ ಒಡೆಸಿ, ನಮ್ಮಪ್ಪ ಮುನೇಶ್ವರನಿಗೆ ಇಷ್ಟು ದಿನ ತಾರಾಬಲ ಒಂದು ಕಡಿಮೆಯಾಗಿತ್ತು, ಈಗ ಕೂಡಿಬಂತು ಎಂದು ಪೂಜಾರಿಗೆ ಹೇಳಿದಳಂತೆ. ಪೂಜಾರಿ ಏನು ಉತ್ತರ ಕೊಟ್ಟರೋ ಗೊತ್ತಿಲ್ಲ. ತೀರ್ಥ ಮಾತ್ರ ಎರಡು ಸಲ ಕೊಟ್ಟರಂತೆ.

ಇನ್ನು ಅಪ್‌ಡೇಟುಗಳ ಪಾರಾಯಣ. ಬೆಳಗಿನ ಕಾಫಿಯ ಹೊತ್ತಿಗೆ ಅತ್ತೆ ಅದನ್ನು ಮಾವನಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. 'ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ' ಎಂಬ ವಾಕ್ಯ ಬಂದರೆ ಮುಗಿಯಿತು. ಯಾವ ದೋಷ, ಎಲ್ಲಿತ್ತು, ಇಷ್ಟು ದಿನ ಯಾಕೆ ಹೇಳಲಿಲ್ಲ? ಸ್ಕೂಟರ್ ಬಿಡಿಸಿಕೊಳ್ಳಲು ಹೋದಾಗ ಮೆಕ್ಯಾನಿಕ್ಕು ಏನೋ ಸಣ್ಣ ಕೆಲಸ ಇತ್ತು, ಮಾಡಿದ್ದೀನಿ ಎಂದರೆ ನೀವು ಸುಮ್ಮನಿರುತ್ತೀರಾ? ಬಿಚ್ಚಿದ ಸಾಮಾನು ತೋರಿಸು ಎನ್ನುವುದಿಲ್ಲವೆ? ಅತ್ತೆ ಕಂಪನಿಗೆ ಅದೇ ಅರ್ಥದ ಒಂದು ಸಂದೇಶ ಕಳಿಸಿದಳು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು. ಅಮೂಲ್ಯ ಅಂದ ಮೇಲೆ ಇನ್ನೇನು, ಅತ್ತೆ ಅಂದಿನಿಂದ ಪ್ರತಿ ಅಪ್‌ಡೇಟಿಗೂ ಅಭಿಪ್ರಾಯ ಕಳಿಸತೊಡಗಿದಳು!

ಒಮ್ಮೆ 'ಸೋರಿಕೆ ಎಚ್ಚರಿಕೆ' ಎಂಬ ಹೊಸ ಸೌಲಭ್ಯ ಬಂತು. ನಮ್ಮ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿದ್ದರೆ ಅದು ಮೊದಲೇ ತಿಳಿಸುತ್ತದೆ. ಅತ್ತೆ ಅಡುಗೆಮನೆಯಿಂದಲೇ, ಸೋರಿಕೆ ಆಗಿದೆಯಂತೆ ಎಂದು ಮಾವನಿಗೆ ಕೂಗಿ ಹೇಳಿದಳು. ಮಾವ ಏಣಿ ಹತ್ತಿ ಮಹಡಿಯ ಮೇಲಿನ ನೀರಿನ ಟ್ಯಾಂಕು ನೋಡಲು ಹೋದರು. ನೋಡಿದರೆ ಟ್ಯಾಂಕು ನಿಜಕ್ಕೂ ಸೋರುತ್ತಿತ್ತು. ಆ್ಯಪಿನ ಮೇಲೆ ಮಾವನಿಗೆ ಗೌರವ ಹುಟ್ಟಿದ್ದು ಅವತ್ತಿನಿಂದ. ಇದು ನಾನು ಕಣ್ಣಾರೆ ಕಂಡದ್ದೋ, ಅತ್ತೆ ಹೇಳಿ ಹೇಳಿ ನನ್ನ ಕಣ್ಣಿಗೆ ಕಟ್ಟಿದ್ದೋ ಹೇಳಲಾರೆ.

ಆಮೇಲೆ ಬೆರಳಚ್ಚಿನ ಅಪ್‌ಡೇಟು. ಇನ್ನು ಮುಂದೆ ಉದ್ದನೆಯ ಮುಖ್ಯ ಪಾಸ್‌ವರ್ಡನ್ನು ಒತ್ತಿ ಕೂರಬೇಕಿಲ್ಲ, ಬೆರಳಿಟ್ಟರೆ ಸಾಕು, ಆ್ಯಪಿನ ತಿಜೋರಿ ತೆರೆಯುತ್ತದೆ. ಅತ್ತೆ ಸಂಭ್ರಮದಿಂದ ಹೆಬ್ಬೆರಳಿಟ್ಟಳು. ಗುರುತು ಸಿಗಲಿಲ್ಲ ಎಂದಿತು. ತೋರುಬೆರಳಿಗೂ ಅದೇ ಮಾತು. ಸೋಪು ಹಚ್ಚಿ ತೊಳೆದಳು, ಕೊಬ್ಬರಿ ಎಣ್ಣೆ ಸವರಿದಳು, ಯಾರೋ ಹೇಳಿದರೆಂದು ವಿಭೂತಿಯಲ್ಲೂ ಅದ್ದಿ ನೋಡಿದಳು. ಹತ್ತು ಬೆರಳು ಮುಗಿದ ಮೇಲೆ ಕಾಲಿನ ಕಡೆಗೂ ಒಮ್ಮೆ ನೋಡಿದಳೆಂದು ನನ್ನ ಗುಮಾನಿ. ಅಷ್ಟು ವರ್ಷ ಬಿಸಿನೀರಿನಲ್ಲಿ ಎಳೆ ಹುಡುಕಿದ ಬೆರಳುಗಳ ಗೆರೆಗಳೆಲ್ಲ ಸವೆದು ಹೋಗಿದ್ದವು. ಮುಟ್ಟಿದರೆ ನುಣ್ಣಗೆ ಗಾಜಿನ ಹಾಗೆ. ಮಾವನ ಬೆರಳುಗಳೂ ಅದೇ ನೀರಿನಲ್ಲಿ ಬೆಂದವು. ಈ ಫೋನಿಗೆ ನಾನು ಹುಟ್ಟೇ ಇಲ್ಲವಂತೆ ಎಂದು ನಕ್ಕು, ಅತ್ತೆ ಮತ್ತೆ ಪಾಸ್‌ವರ್ಡನ್ನೇ ಒತ್ತತೊಡಗಿದಳು.

ಒತ್ತುವುದೂ ಕಷ್ಟವಾಗುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅತ್ತೆ ಅದನ್ನು ಯಾರಿಗೂ ಹೇಳದೆ ಫೋನಿನ ಅಕ್ಷರ ದೊಡ್ಡದು ಮಾಡುತ್ತ ಹೋದಳು. ಕೊನೆಕೊನೆಗೆ 'ಸುಧಾರಣೆ' ಎಂಬ ಒಂದು ಪದಕ್ಕೆ ಪರದೆಯ ಅರ್ಧ ಬೇಕಾಗುತ್ತಿತ್ತು. ಅಪ್‌ಡೇಟು ಓದಿ ಮುಗಿಸುವಷ್ಟರಲ್ಲಿ ಮಾವನ ಕಾಫಿ ಆರಿರುತ್ತಿತ್ತು. ನಮಗೆ ಗೊತ್ತಾಗಿ ಆಪರೇಷನ್ ಮಾಡಿಸಿಕೋ ಎಂದರೆ, ಮಾಡಿಸೋಣ ಎನ್ನುತ್ತಿದ್ದಳು, ದಿನ ಬಂದಾಗ ಮುಂದೂಡುತ್ತಿದ್ದಳು. ಭಯಕ್ಕೆ ಕಾರಣವಿತ್ತು. ಹಿಂದೊಮ್ಮೆ ದೇವನಹಳ್ಳಿಯಲ್ಲಿ ಹಲ್ಲು ಕೀಳಿಸಿಕೊಂಡಾಗ ಯಾವುದೋ ಇಂಜೆಕ್ಷನ್ ಒಗ್ಗದೆ ಮುಖ ಊದಿ, ಉಸಿರು ಕಟ್ಟಿ, ಒಂದು ದಿನ ಆಸ್ಪತ್ರೆಯಲ್ಲಿರಬೇಕಾಗಿತ್ತು. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಈ ಹೆಸರು ಹೇಳಿ ಎಂದು ಅಲ್ಲಿನವರು ಒಂದು ಚೀಟಿ ಬರೆದುಕೊಟ್ಟಿದ್ದರು. ಅತ್ತೆ ಆ ಹೆಸರನ್ನು ಆ್ಯಪಿನ ಗುಪ್ತ ಟಿಪ್ಪಣಿಯಲ್ಲಿ ಭದ್ರವಾಗಿ ಬರೆದಿಟ್ಟು, ಚೀಟಿಯನ್ನು ಒಲೆಗೆ ಹಾಕಿದಳು. ಆ್ಯಪು ಇರುವಾಗ ಚೀಟಿ ಇಟ್ಟುಕೊಳ್ಳುವುದು ಆ್ಯಪಿಗೆ ಮಾಡುವ ಅವಮಾನವಂತೆ!

ಇಂಥ ಹೊತ್ತಿಗೆ ಸರಿಯಾಗಿ ಇನ್ನೊಂದು ಅಪ್‌ಡೇಟು ಬಂತು. 'ನಿಮ್ಮ ನಂಬಿಕಸ್ಥರೊಬ್ಬರನ್ನು ಸೇರಿಸಿ', ನಿಮಗೆ ಆಗದಿದ್ದಾಗ ಅವರು ತಿಜೋರಿ ತೆರೆಯಬಹುದು. ನನ್ನ ಹೆಸರು ಹಾಕು ಅತ್ತೆ ಎಂದೆ. ಹೇಳುವಾಗ ಅಷ್ಟೇನೂ ಆಸೆಯಿಲ್ಲದವನ ಹಾಗೆ ಬೇರೆ ಕಡೆ ನೋಡುತ್ತಿದ್ದೆ.

"ನಿನ್ನ ನೀನೇ ನಂಬಲ್ಲ," ಎಂದಳು ಅತ್ತೆ. "ಬೀಗ ಹಾಕಿದ್ನಾ ಅಂತ ಬಸ್ ಸ್ಟ್ಯಾಂಡಿಂದ ವಾಪಸ್ ಬರೋನು ನೀನು. ನಾನು ಹೆಂಗಪ್ಪಾ ನಂಬ್ಲಿ?"

ನಂಬಿಕಸ್ಥರ ಜಾಗವನ್ನು ಅತ್ತೆ ಖಾಲಿ ಬಿಟ್ಟಳು. ನನಗೆ ಬೇಸರವಾಗಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಆಯಿತು.

ಅಂತೂ ದೊಡ್ಡಬಳ್ಳಾಪುರದ ಒಂದು ಕಣ್ಣಿನ ಆಸ್ಪತ್ರೆಗೆ ಅತ್ತೆಯನ್ನು ಒಪ್ಪಿಸಿ ನಾನೂ ಮಾವನೂ ಕರೆದುಕೊಂಡು ಹೋದೆವು. ಕಣ್ಣಿಗೆ ಹನಿ ಹಾಕಿ, ಹಸಿರು ಟೋಪಿ ತೊಡಿಸಿ, ಇನ್ನೂ ಹಲವು ಹೆಂಗಸರ ಜೊತೆ ಸಾಲಾಗಿ ಕೂರಿಸಿದ್ದರು. ನರ್ಸಮ್ಮ ಬಂದು, ಯಾವುದಾದರೂ ಇಂಜೆಕ್ಷನ್ ಒಗ್ಗುವುದಿಲ್ಲವೆ ಎಂದು ಕೇಳಿದರು. ಒಗ್ಗುವುದಿಲ್ಲ, ಹೆಸರು ಆ್ಯಪಿನಲ್ಲಿದೆ ಎಂದು ಅತ್ತೆ ಹೆಮ್ಮೆಯಿಂದ ಹೇಳಿ ಫೋನು ತೆಗೆದಳು. ಹನಿ ಬಿದ್ದ ಕಣ್ಣಿಗೆ ಪರದೆಯೆಲ್ಲ ಹಾಲು ಚೆಲ್ಲಿದ ಹಾಗೆ. ಒಂದಕ್ಷರವೂ ಕಾಣಲಿಲ್ಲ. ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಹೆಸರು ಗೊತ್ತಾಗದೆ ಒಳಗೆ ಕರೆದೊಯ್ಯಲಾಗುವುದಿಲ್ಲ, ಇವತ್ತು ತಪ್ಪಿದರೆ ಮುಂದಿನ ಸರದಿ ಯಾವಾಗಲೋ ಎಂದರು ನರ್ಸಮ್ಮ. ಅವರು ಹೇಳುವುದೂ ಸರಿಯೇ. ಆದರೆ ಇವತ್ತು ಮನೆಗೆ ಹೋದರೆ ಅತ್ತೆ ಇನ್ನೆಂದೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪಾಸ್‌ವರ್ಡ್ ಹೇಳು, ನಾನು ಒತ್ತುತ್ತೇನೆ ಎಂದೆ. ಇಷ್ಟು ಜನರ ಎದುರಿಗೆ ಹೇಳುವ ಮಾತೇ ಇಲ್ಲ ಎಂದಳು. ಕಿವಿಯಲ್ಲಿ ಹೇಳು ಎಂದೆ. ಕಿವಿಯಲ್ಲಿ ಹೇಳಿದರೆ ನೀನು ಅರ್ಧ ಮರೆತು, ಆಮೇಲೇನು ಅತ್ತೆ ಎಂದು ಗಟ್ಟಿಯಾಗಿ ಕೇಳುತ್ತೀ ಎಂದಳು. ಪಕ್ಕದ ಹಸಿರು ಟೋಪಿಗಳೆಲ್ಲ ಕಿವಿ ನಿಮಿರಿಸಿದ್ದವು.

ಅತ್ತೆ ಫೋನನ್ನು ನನ್ನ ಕಡೆಗೆ ಚಾಚಿದಳು.

"ಬೆರಳಿಡು."

"ನಿನ್ನ ಬೆರಳು ಅದಕ್ಕೆ ಹಿಡಿಸಲ್ವಲ್ಲ ಅತ್ತೆ."

"ನಂದಲ್ಲ ಕಣೋ. ನಿಂದು."

ನಾನು ಹೆಬ್ಬೆರಳಿಟ್ಟೆ. ತಿಜೋರಿ ತೆರೆಯಿತು. ಹೆಸರನ್ನು ಓದಿ ಹೇಳಿದೆ, ನರ್ಸಮ್ಮ ಬರೆದುಕೊಂಡರು, ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ ಬಿಡಿ.

ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ ಮೇಲೆ ಕೇಳಿದೆ, ನನ್ನ ಬೆರಳನ್ನು ಯಾವಾಗ ತೆಗೆದುಕೊಂಡೆ ಎಂದು. ಒಂದು ಭಾನುವಾರ ಮುದ್ದೆ ಉಂಡು ನಡುಮನೆಯ ಚಾಪೆಯ ಮೇಲೆ ನಿದ್ದೆ ಹೋಗಿದ್ದೆಯಲ್ಲ, ಆಗ ಮೆಲ್ಲಗೆ ಕೈಹಿಡಿದು ಒತ್ತಿಸಿಕೊಂಡೆ ಎಂದಳು. ನಾನು ಹಗಲು ಮಲಗುವವನಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ ಎಂದೆ. ಗೊರಕೆಗೆ ಮಾವನೇ ಸಾಕ್ಷಿ ಎಂದಳು. ಮಾವ ಎಂದಿನಂತೆ ಇಬ್ಬರ ಮಾತಿಗೂ ತಲೆಯಾಡಿಸಿದರು. ಅಷ್ಟು ಜನ ನೆಂಟರಿರುವಾಗ ನನ್ನದೇ ಯಾಕೆ ಎಂದು ಕೇಳಿದೆ.

"ಕೆಲಸ ಮಾಡದಿರೋ ಬೆರಳು ಕಣೋ ಅದು. ಒಂದು ಗೆರೇನೂ ಸವೆದಿಲ್ಲ," ಎಂದಳು ಅತ್ತೆ.

ನಾನು ಮಲಗಿದ್ದೆನೋ ಇಲ್ಲವೋ, ಅದು ಭಾನುವಾರವೋ ಅಲ್ಲವೋ, ಅವಳು ಹೇಳಿದ ಕಾರಣ ನಿಜವೋ ತಮಾಷೆಯೋ, ಇವತ್ತಿಗೂ ನನಗೆ ಖಚಿತವಿಲ್ಲ. ಆದರೆ ಪಟ್ಟಿ ಬಿಚ್ಚುವವರೆಗೆ ಫೋನು ನನ್ನ ಹತ್ತಿರವೇ ಇತ್ತು. ತಡೆಯಲಾರದೆ ಅದರ ಸೆಟ್ಟಿಂಗಿಗೆ ಹೋಗಿ ಬೆರಳಚ್ಚಿನ ಪುಟ ತೆರೆದೆ. ಅಲ್ಲಿ ಇದ್ದದ್ದು ಒಂದೇ ಬೆರಳು. ಫೋನು ತಾನಾಗಿ ಕೊಟ್ಟಿದ್ದ ಹೆಸರನ್ನು ಅಳಿಸಿ, ಅತ್ತೆ ಅದಕ್ಕೆ 'ನನ್ನ ಬೆರಳು' ಎಂದು ಬರೆದಿದ್ದಳು. ಇದು ಇನ್ಯಾರದ್ದಾದರೂ ಇರಬಹುದಲ್ಲ ಎಂದು ಅಲ್ಲೂ ಅನುಮಾನ ಬಂತು. ಫೋನಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನೋಡಿದೆ. ಗುರುತು ಸಿಕ್ಕಿತೆಂಬಂತೆ ಆ ಸಾಲು ಒಂದು ಕ್ಷಣ ಬಣ್ಣ ಬದಲಿಸಿತು. ನನ್ನದೇ.