ಉಡಿದಾರದ ಬೀಗದಕೈಯೂ ಬೇಸಿಗೆಯ ತತ್ತ್ವಶಾಸ್ತ್ರವೂ

ಶಿಲ್ಪಶ್ರೀ: ಇದು ಇನ್ನೂ ಹಸಿ ಐತ್ರಿ ಸಾವ್ಕಾರ್ರ. ಒಣಗಿಸಿ ತರ್ರಿ.

ಹೀಗೆಂದು ತತ್ತ್ವಶಾಸ್ತ್ರದ ಮೇಡಂ ನಾಲ್ಕು ಹಾಳೆಯ ಪ್ರಬಂಧವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದಾಗ, ಕಂಪ್ಲಿಯ ಅಕ್ಕಿ ಗಿರಣಿಯ ಮರುಳಸಿದ್ದಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ಪ್ರಬಂಧ ವಾಪಸು ಬಂದದ್ದಕ್ಕಲ್ಲ. ಅದು ಅವರಿಗೆ ಅಭ್ಯಾಸವಾಗಿತ್ತು. ಆದರೆ ಆ ಮಾತು ಅವರದು. ನಲವತ್ತೆರಡು ವರ್ಷ ಅವರು ರೈತರ ಚೀಲದಿಂದ ಒಂದು ಭತ್ತದ ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡಿದ್ದರು. ‘ಕಟ್’ ಎಂದರೆ ಚೀಲ ಇಳಿಸಿಕೊಳ್ಳುವುದು, ಮೆತ್ತಗೆ ಬಾಗಿದರೆ “ಹಸಿ ಐತಿ, ಒಣಗಿಸಿ ತಾ” ಎಂದು ಗಾಡಿ ತಿರುಗಿಸುವುದು. ಅಪೀಲಿಲ್ಲದ ತೀರ್ಪು.

ಮರುಳಸಿದ್ದಪ್ಪ: ಮೇಡಂ, ಈ ಮಾತು ನಿಮಗ ಯಾರು ಕಲಿಸಿದ್ರು?

ಶಿಲ್ಪಶ್ರೀ: ನೀವ ಕಲಿಸಿದ್ರಿ.

ಮರುಳಸಿದ್ದಪ್ಪ: ನಾನಾ? ನಾ ನಿಮ್ಮನ್ನ ನೋಡಿದ್ದ ಈ ಬ್ಯಾಸಗಿಯಾಗ.

ಶಿಲ್ಪಶ್ರೀ: ಅಲ್ರಿ. ನಾವು ಮೊದಲ ಸಲ ಭೆಟ್ಟಿ ಆದಾಗ ನನಗ ಎಂಟು ವರ್ಷ. ಮೆಟ್ರಿ ಊರಿನ ಎರ್ರಿಯಪ್ಪನ ಮಗಳು ನಾನು. ಟ್ರ್ಯಾಕ್ಟರ್‌ನಾಗ ಚೀಲದ ಮ್ಯಾಲ ಕುಂತಿದ್ದೆ. ನೀವು ಕಾಳು ಕಡಿದು, ಉಗುಳಿ, ವಾಪಸ್ ಕಳಿಸಿದ್ರಿ. ಒಂದ ಸಲ ಅಲ್ಲ, ಮೂರು ಸಲ.

ಮರುಳಸಿದ್ದಪ್ಪ: (ಹಣೆ ತಿಕ್ಕಿಕೊಂಡು) ಮೆಟ್ರಿ ಎರ್ರಿಯಪ್ಪ... ಸೋನಾ ಮಸೂರಿ. ಕಾಳು ಚಲೋ ಇತ್ತು, ಮಂಜಿಗೆ ನೆಂದಿತ್ತು. ಭತ್ತ ನೆನಪೈತ್ರಿ. ಹುಡುಗಿ ನೆನಪಿಲ್ಲ.

ಶಿಲ್ಪಶ್ರೀ: ನನಗ ನೀವೂ ನೆನಪದೀರಿ, ಭತ್ತಾನೂ ನೆನಪೈತಿ.

ಮರುಳಸಿದ್ದಪ್ಪ: ಅಂದ್ರ ಈಗ ಸೇಡು ತೀರಿಸಾಕ ಹತ್ತೀರಿ.

ಶಿಲ್ಪಶ್ರೀ: ಛೇ! ಮೂರನೇ ಸಲದ ಮ್ಯಾಲ ನಮ್ಮಪ್ಪ ಕಣದಾಗ ತಾನ ಕಾಳು ಕಡಿದು ನೋಡಾಕ ಕಲತ. ಆಮ್ಯಾಲ ಒಂದು ಚೀಲಾನೂ ವಾಪಸ್ ಬರಲಿಲ್ಲ. ಆ ವಿದ್ಯಾ ನಿಮಗೂ ಬರ್ಲಿ ಅಂತ ನನ್ನ ಆಸೆ.

ಸಂಗತಿ ಇಷ್ಟೆ. ಹಂಪಿಯ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಆ ವರ್ಷ ಬೇಸಿಗೆಯ ಏಳು ವಾರ ತತ್ತ್ವಶಾಸ್ತ್ರದ ತರಗತಿ ಇಟ್ಟಿದ್ದರು. ಬಿಸಿಲಿಗೆ ಹೆದರಿ ಪಾಠವನ್ನು ಬೆಳಗಿನ ಏಳೂವರೆಗೇ ಶುರು ಮಾಡುತ್ತಿದ್ದರು. ಅದಕ್ಕೆ ಅರ್ಜಿ ತರಿಸಿ, ತುಂಬಿಸಿ, ಮರುಳಸಿದ್ದಪ್ಪನವರ ಸಹಿ ಹಾಕಿಸಿದವರು ಹೆಂಡತಿ ಮುದುಕಮ್ಮ. ಮರುಳಸಿದ್ದಪ್ಪನವರು ಹದಿನೇಳನೆಯ ವಯಸ್ಸಿನಲ್ಲಿ ಹೊಸಪೇಟೆಯ ಕಾಲೇಜಿಗೆ ಎರಡು ತಿಂಗಳು ಹೋಗಿದ್ದರು. ಅಷ್ಟರಲ್ಲಿ ತಂದೆ ತೀರಿಕೊಂಡು ಗಿರಣಿಯ ಗಾದಿಯಲ್ಲಿ ಕೂರಬೇಕಾಯಿತು. ಈಗ ಅರವತ್ತೆರಡು. ತಮ್ಮ ಹೆಸರಿನ ಒಂದು ಸರ್ಟಿಫಿಕೇಟು ಅಪ್ಪನ ಫೋಟೋದ ಪಕ್ಕದಲ್ಲಿ ತೂಗಬೇಕೆಂಬುದು ಅವರ ಆಸೆ. ಮೊಳೆಯನ್ನಂತೂ ಮೊದಲ ವಾರವೇ ಹೊಡೆದಾಗಿತ್ತು.

ಸರ್ಟಿಫಿಕೇಟಿಗೆ ಅಡ್ಡ ನಿಂತದ್ದು ಒಂದೇ ಪ್ರಬಂಧ. ‘ನನ್ನದು’ ಎಂದುಕೊಂಡ ಒಂದನ್ನು ಏಳು ದಿನ ಬಿಟ್ಟಿದ್ದು, ಏನಾಯಿತೆಂದು ಬರೆಯಬೇಕು.

ಶಿಲ್ಪಶ್ರೀ: ಮೊದಲನೇ ಸಲ ಏನು ಬಿಟ್ರಿ?

ಮರುಳಸಿದ್ದಪ್ಪ: ಹಾಗಲಕಾಯಿ ಪಲ್ಯ.

ಶಿಲ್ಪಶ್ರೀ: ಹಾಗಲಕಾಯಿ ನಿಮಗ ಸೇರ್ತಿತ್ತಾ?

ಮರುಳಸಿದ್ದಪ್ಪ: ಸೇರ್ತಿದ್ರ ಯಾಕ ಬಿಡ್ತಿದ್ದೆ?

ಶಿಲ್ಪಶ್ರೀ: ಎರಡನೇ ಸಲ ಚಹಾ ಬಿಟ್ರಿ. ಕಾಫಿ ಶುರು ಮಾಡಿದ್ರಿ. ಈಗ ಸಿಟ್ಟು ಬಿಟ್ಟೀನಿ ಅಂತ ಬರದೀರಿ. ನಿನ್ನೆ ತರಗತಿಯಾಗ ಟೇಬಲ್ ಫ್ಯಾನ್ ತನ್ನ ಕಡೆ ತಿರುವಿದ ಹುಡುಗನ್ನ ಅರ್ಧ ತಾಸು ಬೈದವರು ಯಾರು?

ಮರುಳಸಿದ್ದಪ್ಪ: ಅದು ಸಿಟ್ಟಲ್ಲರಿ. ತಿಳಿವಳಿಕಿ ಹೇಳಿದ್ದು.

ಶಿಲ್ಪಶ್ರೀ: ಇನ್ನ ಹತ್ತು ದಿನಕ್ಕ ತರಗತಿ ಮುಗೀತಾವ. ಇನ್ನೊಮ್ಮೆ ಒಣಗಿಸ್ರಿ, ನೋಡೋಣ.

ಹನ್ನೆರಡರ ಬಿಸಿಲಿನಲ್ಲಿ ಬಸ್ಸಿಳಿದು ಮನೆಗೆ ಬಂದವರ ಮುಖ ನೋಡಿಯೇ ಮುದುಕಮ್ಮ ಮಜ್ಜಿಗೆಯ ಚೆಂಬು ಮುಂದಿಟ್ಟರು.

ಮುದುಕಮ್ಮ: ವಾಪಸ್ ಬಂತಾ?

ಮರುಳಸಿದ್ದಪ್ಪ: ನಿನಗ ಹೆಂಗ ಗೊತ್ತಾತು?

ಮುದುಕಮ್ಮ: ಬೆವರು ನೋಡಿದ್ರ ಗೊತ್ತಾಗ್ತೈತಿ. ಏನೂ ಬಿಡದ ಇಷ್ಟು ಬೆವರಿದ್ರ, ನಾಳೆ ಮೋಕ್ಷ ಬಂದಾಗ ಎಷ್ಟು ಟವಲ್ ಬೇಕ್ರಿ?

ಮರುಳಸಿದ್ದಪ್ಪ: ನಗಬ್ಯಾಡ. ಬಿಡಾಕ ನನ್ನ ಹಂತ್ಯಾಕ ಏನೈತಿ? ಗಿರಣಿ ಮನೋಹರಗ ಕೊಟ್ಟು ಮೂರು ವರ್ಷ ಆತು. ನಾ ವಿರಕ್ತ ಇದ್ದಂಗ ಇದೀನಿ.

ಮುದುಕಮ್ಮ: ಹೌದ್ರಿ ವಿರಕ್ತರ, ಉಡದಾರದಾಗ ಅದೇನು ಜೋತಾಡಾಕ ಹತ್ತೈತಿ?

ಮರುಳಸಿದ್ದಪ್ಪನವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ತೂಗುತ್ತಿದ್ದದ್ದು ಹಳೇ ಅಕ್ಕಿಯ ಗೋಡೌನಿನ ಬೀಗದಕೈ. ಗಿರಣಿಯನ್ನೆಲ್ಲ ಮಗ ಮನೋಹರನಿಗೆ ಒಪ್ಪಿಸಿದವರು, ವರ್ಷ ತುಂಬಿದ ಅಕ್ಕಿಯ ಆ ಒಂದು ಕೋಣೆಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಸುತ್ತಲಿನ ಹತ್ತೂರಿನ ಮದುವೆಯ ಮನೆಗೆ ಹಳೇ ಅಕ್ಕಿ ಬೇಕಾದರೆ ಮರುಳಸಿದ್ದಪ್ಪನವರೇ ಎದ್ದು ಬರಬೇಕು, ಅವರೇ ಬೀಗ ತೆಗೆಯಬೇಕು. ಈ ಐದಾರು ವಾರ ಓದಿನ ಗಡಿಬಿಡಿಯಲ್ಲಿ ಗೋಡೌನಿನ ಒಳಗೆ ಕಾಲಿಟ್ಟಿರಲಿಲ್ಲ. ಸಂಜೆ ಹೋಗಿ ಬೀಗವನ್ನು ಮುಟ್ಟಿ, ಹಣೆಗೆ ಕೈ ಒತ್ತಿಕೊಂಡು ಬರುತ್ತಿದ್ದರು, ಅಷ್ಟೆ.

ಮರುಳಸಿದ್ದಪ್ಪ: ಇದನ್ನಾ? ಇದನ್ನ ಬಿಟ್ರ ಗಿರಣಿ ನಿಂತು ಹೋಗ್ತೈತಿ!

ಮುದುಕಮ್ಮ: ನಿಂತ್ರ ನಾಕು ಹಾಳಿ ಬರೀರಿ. ಓಡಿದ್ರ ಎಂಟು ಹಾಳಿ ಬರೀರಿ.

ಮರುಳಸಿದ್ದಪ್ಪ: ಲಗ್ನದ ಸೀಜನ್ ಐತಿ. ಯಾರರ ಬಂದು ಹಳೇ ಅಕ್ಕಿ ಕೇಳಿದ್ರ?

ಮುದುಕಮ್ಮ: ಇಲ್ಲೀಮಟ ಯಾರರ ಬಂದು ಗೋಡೌನ್ ತಗಿ ಅಂದಾರೇನು?

ಮರುಳಸಿದ್ದಪ್ಪ: ಅದ ನನಗೂ ಆಶ್ಚರ್ಯ. ದಿನಾ ಕೇಳ್ತೀನಿ, ದಿನಾ ಇಲ್ಲ ಅಂತೀರಿ. ಜನಕ್ಕ ನಾಲಿಗಿ ರುಚಿನ ಹೋಗೈತಿ ಅನ್ನು.

ಮುದುಕಮ್ಮ: ಕಾಲ ಕೆಟ್ಟೈತಿ ಬಿಡ್ರಿ. ಬೀಗದಕೈ ತರ್ರಿ ಇತ್ತ.

ಮರುಳಸಿದ್ದಪ್ಪ: ತಡಿ. ಬ್ಯಾರೆ ಏನರ ಬಿಡ್ತೀನಿ. ಮಧ್ಯಾಹ್ನದ ನಿದ್ದಿ ಬಿಡ್ಲ್ಯಾ?

ಮುದುಕಮ್ಮ: ಅದನ್ನ ತರಗತಿಯಾಗ ಮಾಡ್ತೀರಂತ.

ಮರುಳಸಿದ್ದಪ್ಪ: ಯಾರು ಹೇಳಿದ್ರು?

ಮುದುಕಮ್ಮ: ಗೊರಕಿ ಬುಕ್ಕಸಾಗರಕ್ಕ ಕೇಳಿಸ್ತಂತ. ಸರ್ಟಿಫಿಕೇಟ್ ಬೇಕೋ, ಬರೇ ಮೊಳೆ ಸಾಕೋ?

ಮೊಳೆಯ ಮಾತು ನಾಟಿತು. ಮರುಳಸಿದ್ದಪ್ಪನವರು ವಿಭೂತಿ ಧರಿಸಿ, ಉಡಿದಾರ ಬಿಚ್ಚಿ, ಹೆಣ್ಣು ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವವರ ಹಾಗೆ ಬೀಗದಕೈಯನ್ನು ದೇವರ ಜಗಲಿಯ ಮೇಲಿಟ್ಟರು. ಸೊಂಟ ಹಗುರಾಯಿತು, ಜೀವ ಭಾರವಾಯಿತು. ಏಳು ದಿನ ಅವರ ಕೈ ಹೊತ್ತಿಗೆ ಇಪ್ಪತ್ತು ಸಲ ಸೊಂಟ ತಡಕಿ ಬರಿಗೈಯಲ್ಲಿ ಮರಳಿತು. ಬಸ್ಸಿನಲ್ಲಿ ಅವರು ಹಾಗೆ ತಡಕಿದಾಗಲೆಲ್ಲ ಪಕ್ಕದವರು ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ನಾಲ್ಕನೆಯ ದಿನ ಗಿರಣಿಯ ಸದ್ದು ಕೇಳುತ್ತ ಹಾಸಿಗೆಯ ಮೇಲೆ ಕೂತು, “ನಾನಿಲ್ಲದೆಯೂ ಓಡುತ್ತಿದೆ” ಎಂದು ಅವರು ಬರೆದುಕೊಂಡ ಸಾಲಿನ ಮೇಲೆ ಒಂದು ಹನಿ ಬಿದ್ದು ಮಸಿ ಕದಡಿತು. ಬೆವರೇ ಇರಬೇಕು.

ಎಂಟನೆಯ ದಿನ ಶಿಲ್ಪಶ್ರೀ ಪ್ರಬಂಧವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

ಶಿಲ್ಪಶ್ರೀ: ಕಟ್ ಅಂತು ಸಾವ್ಕಾರ್ರ. ಇಳಿಸಿಕೋತೀನಿ.

ಮರುಳಸಿದ್ದಪ್ಪನವರು ಬಸ್ಸಿನಲ್ಲಿ ಬಂದರೋ ಹಾರಿ ಬಂದರೋ ತಿಳಿಯದು. ನೇರವಾಗಿ ಜಗಲಿಗೆ ಹೋಗಿ ಬೀಗದಕೈ ಎತ್ತಿಕೊಂಡರು. ವಾರದ ವಿರಹವಲ್ಲವೇ, ಇಂದು ತೆಗೆದೇ ನೋಡಬೇಕೆಂದು ಗೋಡೌನಿಗೆ ನಡೆದರು. ಬೀಗಕ್ಕೆ ಹಾಕಿದರು. ತಿರುಗಲಿಲ್ಲ. ಎಣ್ಣೆ ತರಿಸಿ ಬಿಟ್ಟರು. ಆಗಲೂ ತಿರುಗಲಿಲ್ಲ. ಹಿಂದೆ ಬಂದು ನಿಂತಿದ್ದ ಮುದುಕಮ್ಮ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಬೀಗದಕೈ ಕೊಟ್ಟರು. ಬೀಗ ಬೆಣ್ಣೆಯ ಹಾಗೆ ತೆರೆಯಿತು. ಒಳಗೆ ಗೋಡೆಯೆತ್ತರ ಇದ್ದ ಚೀಲಗಳ ಸಾಲು ಮೊಣಕಾಲೆತ್ತರಕ್ಕೆ ಇಳಿದಿತ್ತು.

ಮರುಳಸಿದ್ದಪ್ಪ: ಇದು... ಯಾವಾಗಿಂದ?

ಮುದುಕಮ್ಮ: ನಿಮ್ಮ ತರಗತಿಯ ಮೊದಲನೇ ದಿನದಿಂದ. ಗಾದಿಗನೂರಿನ ಲಗ್ನದ ಮಂದಿ ಲಾರಿ ತಂದು ನಿಂತ್ರು. ಬೀಗದಕೈ ನಿಮ್ಮ ಸೊಂಟದಾಗ. ಮನೋಹರ ಫೋನ್ ಹಚ್ಚೇ ಹಚ್ಚಿದ. ನೀವು ಫೋನ್ ಬಂದ್ ಮಾಡಿ ‘ನಾನು ಯಾರು’ ಅಂತ ಕಲಿಯಾಕ ಹತ್ತಿದ್ರಿ. ಸುತ್ತಿಗಿ ತಗೊಂಡು ಒಡೆದ್ವಿ. ಅಂಥಾದ್ದ ಇನ್ನೊಂದು ಬೀಗ ತಂದು ಹಾಕಿದ್ವಿ.

ಮರುಳಸಿದ್ದಪ್ಪ: ದಿನಾ ಕೇಳಿದ್ನೆಲ್ಲ ನಾನು! ಯಾರರ ಗೋಡೌನ್ ತಗಿ ಅಂದ್ರಾ ಅಂತ!

ಮುದುಕಮ್ಮ: ಯಾರೂ ಅನ್ನಲಿಲ್ಲರಿ. ತಗದ ಇರ್ತಿತ್ತು. ನೀವು ಬರೋ ಹೊತ್ತಿಗೆ ಹಾಕ್ತಿದ್ವಿ.

ಮರುಳಸಿದ್ದಪ್ಪ: ಮತ್ತ ಆ ಬೀಗದಕೈ ಬಿಡ್ರಿ ಅಂತ ನನ್ನ ಜೀವ ತಿಂದಿ ಯಾಕ?

ಮುದುಕಮ್ಮ: ಮತ್ತೇನು ಬಿಡ್ರಿ ಅನ್ಬೇಕಿತ್ತು? ನಿಮಗ ಸರ್ಟಿಫಿಕೇಟ್ ಬರ್ಲಿ, ನಮ್ಮ ವ್ಯಾಪಾರ ನಿಲ್ಲಬಾರದು. ಎರಡಕ್ಕೂ ಹೊಂದೋದು ಅದೊಂದ ಇತ್ತು.

ಮರುದಿನ ಕೊನೆಯ ತರಗತಿ. ಮರುಳಸಿದ್ದಪ್ಪನವರು ಎಲ್ಲರಿಗಿಂತ ಮೊದಲೇ ಹೋಗಿ ಮೇಡಂ ಮುಂದೆ ನಿಂತರು. ಅಂಕಪಟ್ಟಿ ಇನ್ನೂ ಆಫೀಸಿಗೆ ಹೋಗಿರಲಿಲ್ಲ.

ಮರುಳಸಿದ್ದಪ್ಪ: ನನ್ನ ಪ್ರಬಂಧ ವಾಪಸ್ ಕೊಡ್ರಿ.

ಶಿಲ್ಪಶ್ರೀ: ಯಾಕ್ರಿ?

ಮರುಳಸಿದ್ದಪ್ಪ: ಹಸಿ ಐತಿ.

ನಡೆದದ್ದನ್ನೆಲ್ಲ ಹೇಳಿದರು. ಶಿಲ್ಪಶ್ರೀ ನಗಬಾರದೆಂದು ತುಟಿ ಕಚ್ಚಿಕೊಂಡರೂ ಕಣ್ಣು ಕೇಳಲಿಲ್ಲ.

ಶಿಲ್ಪಶ್ರೀ: ನಿಮಗ ಗೊತ್ತಿರಲಿಲ್ಲಲ್ರಿ. ಬಿಟ್ಟದ್ದು ಬಿಟ್ಟದ್ದ. ನಾ ಇಳಿಸಿಕೊಂಡೀನಿ.

ಮರುಳಸಿದ್ದಪ್ಪ: ನೀವು ಇಳಿಸಿಕೊಂಡೀರಿ, ಖರೆ. ಆದ್ರ ನಾ ಈಗ ಕಡಿದು ನೋಡೀನಲ್ಲ? ನಿಮ್ಮಪ್ಪನ ಭತ್ತ ಮೂರು ಸಲ ವಾಪಸ್ ಕಳಿಸಿದ ಬಾಯಿ ಇದು. ನನ್ನದನ್ನ ಹೆಂಗ ನುಂಗ್ಲಿ, ಯವ್ವಾ?

ಶಿಲ್ಪಶ್ರೀ: ಹಂಗಾರ ಈಗ ಬಿಡ್ರಿ. ಇನ್ನ ಆ ಬೀಗದಕೈಲಿಂದ ಯಾವ ಬಾಗಿಲಾನೂ ತೆರಿಯಂಗಿಲ್ಲ. ಬಿಡೋದು ಭಾಳ ಸಸಾರ. ಇಲ್ಲೇ ಮೇಜಿನ ಮ್ಯಾಲ ಇಟ್ಟು ಹೋಗ್ರಿ, ಸಹಿ ಹಾಕ್ತೀನಿ.

ಮರುಳಸಿದ್ದಪ್ಪನವರು ಉಡಿದಾರಕ್ಕೆ ಕೈ ಹಾಕಿದರು. ಗಂಟು ಹಿಡಿದರು. ಅರ್ಧ ಬಿಚ್ಚಿ ಮತ್ತೆ ಬಿಗಿದರು. ಹೊರಗೆ ಬಂಡೆಗಳು ಆಗಲೇ ಕಾಯತೊಡಗಿದ್ದವು.

ಮರುಳಸಿದ್ದಪ್ಪ: ಆಗಂಗಿಲ್ರಿ ಮೇಡಂ. ಕೆಲಸಕ್ಕ ಬರ್ತೈತಿ ಅಂದ್ಕೊಂಡಿದ್ದಾಗ ಬಿಟ್ಟೆ. ಕೆಲಸಕ್ಕ ಬಾರದ್ದನ್ನ ಬಿಡೋದು ಭಾಳ ಕಷ್ಟ ಐತಿ.

ಶಿಲ್ಪಶ್ರೀ: ಇದನ್ನ ಬರೀರಿ! ಈ ಮಾತು ಒಣಗೈತಿ.

ಮರುಳಸಿದ್ದಪ್ಪ: ಮಾತು ಒಣಗೈತಿ, ಮನಿಷಾ ಒಣಗಿಲ್ಲ. ಮುಂದಿನ ಬ್ಯಾಸಗಿಗೆ ಬರ್ತೀನಿ.

ಪ್ರಬಂಧವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಸರ್ಟಿಫಿಕೇಟು ಬರಲಿಲ್ಲ. ಆ ಮೊಳೆಗೆ ಮುದುಕಮ್ಮ ಕ್ಯಾಲೆಂಡರ್ ತೂಗುಹಾಕಿ, “ಖಾಲಿ ಇರೋದಕ್ಕಿಂತ ಅಮಾಸಿ ಹುಣ್ಣಿವಿ ಆದ್ರೂ ತಿಳೀತೈತಿ” ಎಂದರು.

ಈಗ ಮತ್ತೆ ಬೇಸಿಗೆ ಬಂದಿದೆ. ಬೆಳಗಿನ ಆರರ ಬಸ್ಸಿಗೆ ಮರುಳಸಿದ್ದಪ್ಪನವರು ಬುತ್ತಿಯ ಡಬ್ಬಿ, ಎರಡು ಟವಲು ಹಿಡಿದು ಹೋಗುತ್ತಿದ್ದಾರೆ. ಗೋಡೌನಿನ ಕಡೆ ಹಾಯುವುದಿಲ್ಲ. ಮೊನ್ನೆ ಸೀಟಿನಲ್ಲಿ ಕೂರುವಾಗ ಸೊಂಟದ ಬೀಗದಕೈ ಕಂಬಿಗೆ ತಾಗಿ ಠಣ್ಣೆಂದಿತು. ಕಂಡಕ್ಟರ್ ಲಿಂಗರಾಜ್ ಬಗ್ಗಿ ನೋಡಿದ.

ಲಿಂಗರಾಜ್: ಭಾರಿ ಬೀಗದಕೈ ಐತಲ್ರಿ ಯಜಮಾನ್ರ! ಯಾವ ಬೀಗದ್ದು?

ಮರುಳಸಿದ್ದಪ್ಪ: ಅದನ್ನ ಓದಾಕ ಹೊಂಟೀನಪ್ಪಾ. ಟಿಕೀಟ್ ಕೊಡು.