ಮಾವನವರ ಕುರ್ಚಿಯ ಗಾಳಿ

"ದೆವ್ವ ಗಿವ್ವ ಏನೂ ಇಲ್ಲ! ಒಳಗೆ ಯಾವುದೋ ಹಲ್ಲುಚಕ್ರ ಸವೆದಿದೆ, ಅಷ್ಟೇ. ಸಂಜೆಯೊಳಗೆ ಬಿಚ್ಚಿ ತೋರಿಸ್ತೀನಿ!" ಎಂದು ಅಳಿಯ ಮಹಾಶಯ ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದ. ಮಿಕ್ಸಿ ಕಂಪನಿಯಲ್ಲಿ ವಿನ್ಯಾಸಕಾರ ಬೇರೆ, ಕೇಳಬೇಕೇ!

ಶತ್ರು ಯಾರೆಂದರೆ, ತೀರಿಕೊಂಡ ಮಾವನವರ ಹಳೆಯ ಟೇಬಲ್ ಫ್ಯಾನು. ಅತ್ತಿಂದಿತ್ತ ತಿರುಗುತ್ತ ಅದು ಮಾವನವರ ಖಾಲಿ ಕುರ್ಚಿಯ ಎದುರು ಬಂದಾಗ ಮಾತ್ರ 'ಟಕ್' ಎಂದು ನಿಂತು, ಒಂದು ಗಳಿಗೆ ಗಾಳಿ ಬೀಸಿ, ಆಮೇಲೆ ಮುಂದೆ ಹೋಗುತ್ತಿತ್ತು. ಆ ಕುರ್ಚಿಯಲ್ಲಿ ಕೂರುವ ಧೈರ್ಯ ಅಳಿಯನಿಗೆ ಮಾವ ಇದ್ದಾಗಲೂ ಇರಲಿಲ್ಲ, ಹೋದ ಮೇಲೂ ಬಂದಿರಲಿಲ್ಲ.

"ಬೇಡ ರೀ," ಎಂದಳು ಹೆಂಡತಿ. "ಅದು ಹಾಗೆ ನಿಂತಾಗ ಅಪ್ಪ ಅಲ್ಲೇ ಕೂತಿದ್ದಾರೆ ಅನ್ಸುತ್ತೆ. ನನಗೆ ಉಳಿದಿರೋದು ಅದೊಂದೇ. ಕೆಡಿಸಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

"ಕೆಡೋದಾ? ನನ್ನ ಕೈಯಲ್ಲಾ?"

ಬಿಚ್ಚಿದ. ಹಿತ್ತಾಳೆ, ಉಕ್ಕು, ತಾಮ್ರ ಎಂದು ಹಳೇ ಚಾದರದ ಮೇಲೆಲ್ಲ ಹರಡಿದ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಕೊನೆಗಾಲದಲ್ಲಿ ಮಾವನವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅವರ ಫ್ಯಾನಿನ ಚಕ್ರದಲ್ಲಿ ಒಂದು ಹಲ್ಲೂ ಸವೆದಿರಲಿಲ್ಲ! ನಿಲ್ಲುವುದಕ್ಕೆ ಕಾರಣವೇ ಇಲ್ಲ. ಅಷ್ಟರಲ್ಲಿ ಕತ್ತಿನ ಹಿಂದೆ ತಣ್ಣಗೆ ಗಾಳಿ ಸುಳಿದಂತಾಯಿತು. ತಿರುಗಿ ನೋಡಿದ. ಕಿಟಕಿ ಮುಚ್ಚಿತ್ತು. ಹಿಂದೆ ಇದ್ದದ್ದು ಕುರ್ಚಿ.

ಗಡಿಬಿಡಿಯಲ್ಲಿ ಎಲ್ಲವನ್ನೂ ಜೋಡಿಸಿದ. ಅವನ ಜನ್ಮದಲ್ಲೇ ಮೊದಲ ಸಲ ಒಂದು ಸ್ಕ್ರೂ ಕೂಡ ಹೆಚ್ಚಾಗಿ ಉಳಿಯಲಿಲ್ಲ. ಭಯ ಹುಟ್ಟಿಸಲು ಅದೇ ಸಾಕಿತ್ತು. ಸ್ವಿಚ್ ಹಾಕಿದ. ಫ್ಯಾನು ತಿರುಗಿತು, ಕುರ್ಚಿಯತ್ತ ಬಂತು, 'ಟಕ್'. ನಿಂತಿತು. ಕುರ್ಚಿಗೇ ಗಾಳಿ ಬೀಸುತ್ತ ಅಲ್ಲೇ ನಿಂತೇ ಬಿಟ್ಟಿತು!

"ಆಯ್ತಲ್ಲ, ಕೆಡಿಸಿದ್ರಲ್ಲ!" ಹೆಂಡತಿಯ ಕಣ್ಣು ತುಂಬಿ ಬಂತು.

"ಕೆಟ್ಟಿಲ್ಲ ಕಣೇ... ಸ್ವಲ್ಪ ಹಟ ಮಾಡ್ತಿದೆ..."

"ಹಾಗಾದ್ರೆ ಹೋಗಿ ಅಲ್ಲಿ ಕೂತು ನೋಡಿ. ದೆವ್ವ ಇಲ್ಲ ಅಂದ್ರಲ್ಲ!"

ಆಡಿದ ಮಾತು ನುಂಗುವ ಹಾಗಿಲ್ಲ. ಅಳಿಯ ಕುರ್ಚಿಯ ತುದಿಯಲ್ಲಿ ಮೆಲ್ಲಗೆ ಕೂತ. 'ಟಕ್!' ಫ್ಯಾನು ನಿಧಾನವಾಗಿ ಮುಖ ತಿರುಗಿಸಿ ಮಾವನವರ ಮಗಳ ಕಡೆಗೆ ಗಾಳಿ ಬೀಸತೊಡಗಿತು. ಎದ್ದ, ಕುರ್ಚಿಯತ್ತ ಮರಳಿತು. ಕೂತ, ಮತ್ತೆ ಮುಖ ತಿರುಗಿಸಿತು. ಅಳಿಯನ ಮೈಯೆಲ್ಲ ಬೆವರು.

ಹೆಂಡತಿ ಕಣ್ಣೊರೆಸಿಕೊಂಡಳು. ಗಾಳಿಗೆ ಮುಂಗುರುಳು ಹಾರುತ್ತಿತ್ತು, ಮುಖದಲ್ಲಿ ನಗು.

"ನೀವು ಅಪ್ಪಂಗೆ ಹಿಡಿಸಲಿಲ್ಲ ಅಂತ ಗೊತ್ತಿತ್ತು ರೀ. ಈಗ್ಲಾದ್ರೂ ಏಳಿ, ಪಾಪ, ಎಷ್ಟು ಹೊತ್ತು ನಿಂತಿರ್ತಾರೆ!"

ವಿನ್ಯಾಸಕಾರ ಮಹಾಶಯ ದಡಕ್ಕನೆ ಎದ್ದ. ಕೂತಿದ್ದ ಜಾಗವನ್ನು ಅಂಗಿಯ ತೋಳಿನಿಂದ ಒರೆಸಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಖಾಲಿ ಗಾಳಿಗೆ ಕೈಮುಗಿದು ಹೇಳಿದ:

"ಬನ್ನಿ ಮಾವ, ಕೂತ್ಕೊಳ್ಳಿ."