ಕೂತು ಹೋಗುವವರ ಮೊಣಕಾಲು

ಮನುಷ್ಯ ಅನ್ನವಿಲ್ಲದೆ ಒಂದೆರಡು ದಿನ ಇದ್ದಾನು, ಹೆಮ್ಮೆಪಡಲು ಏನೂ ಇಲ್ಲದೆ ಅರ್ಧ ದಿನವೂ ಇರಲಾರ. ನಮ್ಮ ಬಸವೇಶ್ವರನಗರದ ಬೀದಿಯಲ್ಲಿ ಮನೆಗೊಂದು ಹೆಮ್ಮೆ ಇದೆ. ಎದುರು ಮನೆಯವರಿಗೆ ಬೇಸಿಗೆಯಲ್ಲೂ ಬತ್ತದ ಬೋರ್‌ವೆಲ್, ಮೂಲೆಮನೆಯವರಿಗೆ ಟೀವಿ ಧಾರಾವಾಹಿಯೊಂದರಲ್ಲಿ ಕಾಫಿ ತಂದುಕೊಟ್ಟು ಹೋದ ಸೊಸೆ. ಬ್ಯಾಂಕಿನಲ್ಲಿ ಕೂತು ಕೂತು ಹೊಟ್ಟೆಯೊಂದನ್ನು ಬಿಟ್ಟು ಬೇರೇನನ್ನೂ ಬೆಳೆಸದ ನನಗೆ ಅಂಥದ್ದೇನೂ ಇರಲಿಲ್ಲ. ಕೊನೆಗೊಂದು ಸಿಕ್ಕಿತು, ಅದೂ ಸ್ಮಶಾನದ ವಿಷಯದಲ್ಲಿ.

ವಿಜಯನಗರದ ಕಡೆ ಮೆಟ್ರೋ ಕಂಬಗಳಿಗಾಗಿ ರಸ್ತೆಯ ನಡುವೆ ಗುಂಡಿ ತೋಡುತ್ತಿದ್ದ ಕಾಲ ಅದು. ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ನಮ್ಮ ಬಡಾವಣೆಗೂ ಬಂದು, ನಿವಾಸಿಗಳ ಸಂಘದವರು ಪಾರ್ಕಿನ ಪಕ್ಕದ ಸಭಾಂಗಣದಲ್ಲಿ ಭಾನುವಾರದ ಪರಿಸರ ಭಾಷಣಗಳನ್ನು ಶುರು ಮಾಡಿದ್ದರು. ಒಂದು ವಾರ ಕಾಂಪೋಸ್ಟ್, ಒಂದು ವಾರ ಬಟ್ಟೆಚೀಲ, ಆ ವಾರ ಸಾವು. ಗಡ್ಡ ಬಿಟ್ಟ ಯುವಕನೊಬ್ಬ ಪರದೆಯ ಮೇಲೆ ಚಿತ್ರ ತೋರಿಸುತ್ತ, ಹೆಣ ಸುಡುವುದಕ್ಕೆ ಎಷ್ಟು ಸೌದೆ, ಎಷ್ಟು ಹೊಗೆ ಎಂದು ವಿವರಿಸಿದ. ಈಗ ವಿದೇಶಗಳಲ್ಲಿ ಪಾಲಿಷ್ ಮಾಡಿದ ಪೆಟ್ಟಿಗೆಯಿಲ್ಲದೆ, ದೇಹಕ್ಕೆ ಔಷಧಿ ತುಂಬದೆ, ಸಿಮೆಂಟ್ ಹಾಕದೆ ಬರೀ ಹತ್ತಿಬಟ್ಟೆಯಲ್ಲಿ ಮಣ್ಣಿಗೆ ಕೊಡುವ ಹೊಸ ಪದ್ಧತಿ ಬಂದಿದೆ, ಅದನ್ನು ಸಹಜ ಸಮಾಧಿ ಎನ್ನುತ್ತಾರೆ ಎಂದ. ನನಗೆ ಕೂತಿರಲಾಗಲಿಲ್ಲ. ಹೊಸದು ಅಂತೀರಲ್ಲ ಸಾರ್, ನಮ್ಮಜ್ಜ, ಅವರಜ್ಜ ಎಲ್ಲ ಹೀಗೇ ಹೋಗಿದ್ದು ಎಂದು ಎದ್ದು ನಿಂತೇಬಿಟ್ಟೆ.

ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪೂಜೆಗೆ ಕೂತಂತೆ ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿಯೊಳಗೆ ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮಣ್ಣು ಮುಚ್ಚುತ್ತೇವೆ. ಸೌದೆ ಬೇಡ, ಕರೆಂಟ್ ಬೇಡ, ಪೆಟ್ಟಿಗೆಯಂತೂ ಬೇಡವೇ ಬೇಡ. ಜಾಗವೂ ಉಳಿತಾಯ, ರೈಲಿನಲ್ಲಿ ಒಬ್ಬ ಮಲಗುವ ಸೀಟಿನಲ್ಲಿ ಮೂವರು ಕೂರುವುದಿಲ್ಲವೇ. ಇದನ್ನೆಲ್ಲ ಕೈ ಬೀಸಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಪಕ್ಕದ ಮನೆಯ ಶ್ರೀನಿವಾಸಯ್ಯನವರು, ಪಾಪ, ಹೊರಗೆ ಬಂದ ಮೇಲೆ ಮೆಲ್ಲಗೆ ನನ್ನ ತೋಳು ಹಿಡಿದು, ಸುಡುವ ಪದ್ಧತಿಯ ತಮ್ಮಂಥವರನ್ನೂ ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ, ತಮಗೆ ಮೊದಲಿನಿಂದಲೂ ಬೆಂಕಿ ಎಂದರೆ ಭಯ ಎಂದು ವಿಚಾರಿಸಿದರು. ಮುಂದಿನ ಭಾನುವಾರದ ಭಾಷಣ ನನ್ನದೇ ಎಂದು ಸಂಘದ ಕಾರ್ಯದರ್ಶಿ ಅಲ್ಲೇ ಘೋಷಿಸಿದರು. ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ನನ್ನ ಹೆಂಡತಿ ಹುರುಳಿಕಾಯಿ ಸೋಸುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಮದುವೆ ಮನೇಲಿ ಕೆಳಗೆ ಪಂಕ್ತಿ ಹಾಕಿದ್ರೆ ಊಟ ಬಿಟ್ಟು ಟೇಬಲ್ ಹುಡುಕ್ತೀರಿ. ಅಲ್ಲಿ ಟೇಬಲ್ ಹಾಕಲ್ಲ ಕಣ್ರೀ" ಎಂದಳು. ಅವಳ ಮಾತಿನಲ್ಲಿ ಸತ್ಯವಿತ್ತು ಎಂಬುದೇ ನನ್ನ ಕಷ್ಟ. ಐವತ್ತು ದಾಟಿದ ಮೇಲೆ ನನ್ನ ಮೊಣಕಾಲುಗಳು ಅಸಹಕಾರ ಹೂಡಿವೆ. ಲಿಂಗಪೂಜೆಯನ್ನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾಡುವವನು ನಾನು. ನಮ್ಮ ಅವ್ವ ಎಂಬತ್ತು ದಾಟಿದವಳು, ದಿನಾ ನೆಲದ ಮೇಲೆ ಚಾಪೆ ಹಾಸಿ ಕೂತು ಪೂಜೆ ಮುಗಿಸಿ, ಎಲ್ಲೂ ಕೈಯೂರದೆ ಎದ್ದು, ನನ್ನ ಕುರ್ಚಿಯ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಾಳೆ. ಆ ನೋಟಕ್ಕಿಂತ ಬೈಗುಳವೇ ವಾಸಿ.

ಭಾನುವಾರ ಸಭಾಂಗಣ ತುಂಬಿತ್ತು. ಅವ್ವ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಭಾಷಣವೇನೋ ಸೊಗಸಾಗಿಯೇ ಸಾಗಿತು. ಕೊನೆಯಲ್ಲಿ ಕಾಲೇಜು ಹುಡುಗಿಯೊಬ್ಬಳು, ಹೇಗೆ ಕೂರಿಸುತ್ತಾರೆ ಎಂದು ಒಂದು ಸಲ ತೋರಿಸ್ತೀರಾ ಸಾರ್ ಎಂದು ಕೇಳಿದಳು. ಮಾತಿನ ಭರದಲ್ಲಿದ್ದ ನಾನು ಅದಕ್ಕೇನಂತೆ ಎಂದು ವೇದಿಕೆಯ ಜಮಖಾನದ ಮೇಲೆ ಕೂತೆ. ಬಲಗಾಲು ಹೇಗೋ ಮಡಚಿಕೊಂಡಿತು. ಎಡಗಾಲು ಸಭಿಕರ ಕಡೆ ಚಾಚಿಕೊಂಡು ನಿಂತಿತು. ಶ್ರೀನಿವಾಸಯ್ಯನವರು ನೆರವಿಗೆ ಬಂದು ಎಡಗಾಲನ್ನು ಅದುಮಿದರೆ ಬಲಗಾಲು ಮೇಲೆದ್ದಿತು. ಸಭೆ ನಗತೊಡಗಿತು. ಆಗ ಅವ್ವ ಎದ್ದಳು. ವೇದಿಕೆ ಹತ್ತಿ, ನನ್ನನ್ನು ಬದಿಗೆ ಸರಿಯಲು ಹೇಳಿ, ಸೆರಗು ಹೊದ್ದು ಕೂತಳು. ಬೆನ್ನು ನೆಟ್ಟಗೆ, ಎಡ ಅಂಗೈ ಎದೆಯ ಮುಂದೆ, ಕಣ್ಣು ಮುಚ್ಚಿತ್ತು. ನಗುತ್ತಿದ್ದವರೆಲ್ಲ ತಮ್ಮ ಕುರ್ಚಿಗಳಲ್ಲೇ ನೆಟ್ಟಗಾದರು.

ನನಗೆ ಮುಂದೊಂದು ದಿನ ನೋಡಬೇಕಾದದ್ದನ್ನು ಇವತ್ತೇ ನೋಡಿದಂತಾಯಿತು. ಅದರ ಬೆನ್ನಿಗೇ, ಇಷ್ಟು ಚೆಂದ ಕೂರಬಲ್ಲವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂಬ ಹೆಮ್ಮೆಯೂ ಬಂತು. ಅವ್ವ ಕಣ್ಣು ಬಿಟ್ಟು, ಇಷ್ಟೇ ನೋಡ್ರಪ್ಪ, ಇದರಾಗೇನೈತಿ ಎಂದು ಎದ್ದು ಹೋದಾಗ ಬಿದ್ದ ಚಪ್ಪಾಳೆ ನನ್ನ ಭಾಷಣಕ್ಕೆ ಬಿದ್ದಿರಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು. ನಮ್ಮ ಮನೆತನದಲ್ಲಿ ಹೆತ್ತವರನ್ನು ಕೂರಿಸಲು ಮಗನೇ ಕುಣಿಗೆ ಇಳಿಯುವುದು ರೂಢಿ. ಅಪ್ಪನನ್ನು ನಾನೇ ಇಳಿದು ಕೂರಿಸಿದ್ದೆ, ಆಗ ಆಡುಮರಿಯಂತೆ ಹಾರಿ ಇಳಿದಿದ್ದೆ.

"ನಾನಂತೂ ಕುಂದ್ರತೀನಪ್ಪ. ನನ್ನ ಕುಂದ್ರಸಾಕೆ ನೀನು ಇಳೀಬೇಕಲ್ಲ, ಈ ಕಾಲಾಗ ಹೆಂಗ ಇಳೀತಿ?" ಎಂದಳು.

ದಾಯಾದಿಗಳ ಮಕ್ಕಳಿದ್ದಾರಲ್ಲ ಎಂದು ಗೊಣಗಿದೆ.

"ಮಂದಿ ಕೈ ನನಗ ಬ್ಯಾಡ. ನಿನ್ನ ಮೊಣಕಾಲು ಸರಿ ಮಾಡ್ಕ್ಯ. ಅಲ್ಲೀತಂಕ ನಾನು ಎಲ್ಲಿಗೂ ಹೋಗಲ್ಲ."

ಮರುದಿನವೇ ಹೆಂಡತಿ ನನ್ನನ್ನು ಮೂಳೆ ಡಾಕ್ಟರರ ಬಳಿ ಎಳೆದುಕೊಂಡು ಹೋದಳು. ಅವರು ಹೇಳಿಕೊಟ್ಟ ವ್ಯಾಯಾಮವನ್ನು ಶ್ರದ್ಧೆಯಿಂದಲೇ ಮಾಡಿದೆ. ಹಾಳಾದ ಮೊಣಕಾಲು ನಿಜಕ್ಕೂ ಸುಧಾರಿಸತೊಡಗಿತು. ಒಂದು ಬೆಳಿಗ್ಗೆ ಕೆಳಗೆ ಬಿದ್ದ ಪೇಪರನ್ನು ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡೆ. ಅವ್ವ ಅದನ್ನು ನೋಡಿ, ಅಡ್ಡಿಯಿಲ್ಲ, ಬಗ್ಗಾಕ ಹತ್ತೈತಿ ಎಂದಳು. ಊರಿಗೆ ಹೊರಡುವವರು ಬಸ್ಸು ಬಂತೆಂದು ಹೇಳುವ ದನಿಯಲ್ಲಿ ಹೇಳಿದಳು. ನಾನು ಪೇಪರನ್ನು ಅಲ್ಲೇ ಬಿಟ್ಟು, ಮೊಣಕಾಲು ಹಿಡಿದುಕೊಂಡು ಅಯ್ಯೋ ಎಂದೆ.

ಅವತ್ತಿನಿಂದ ವ್ಯಾಯಾಮದ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಕುರ್ಚಿಯಲ್ಲಿ ಆರಾಮಾಗಿ ಪೇಪರ್ ಓದುತ್ತೇನೆ. ಆಮೇಲೆ ಮುಖಕ್ಕಿಷ್ಟು ನೀರು ಚಿಮುಕಿಸಿಕೊಂಡು, ಇವತ್ತೂ ಬಗ್ಗಲಿಲ್ಲವ್ವ ಎಂದು ನರಳುತ್ತ ಹೊರಗೆ ಬರುತ್ತೇನೆ. ಆತು ಬಿಡು, ನನಗೇನು ಅವಸರಿಲ್ಲ ಎಂದು ಅವ್ವ ಚಾಪೆ ಹಾಸಿಕೊಳ್ಳುತ್ತಾಳೆ. ಕುಂಟುವುದನ್ನು ಇಷ್ಟು ಹೆಮ್ಮೆಯಿಂದ ಮಾಡುವವನು ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು.